ಶಾಬ್ಲಿ: ಇಷ್ಟು ಹುಳಿಯಾದ ವೈನಿಗೆ ಇಷ್ಟು ದೊಡ್ಡ ಹೆಸರೇಕೆ?

ಸಂಜೆಮಲ್ಲಿಗೆ (ಬೆಂಗಳೂರು)

ಪ್ಯಾರಿಸ್ಸಿನಿಂದ ಬಂದ ಗೆಳತಿ ಒಂದು ಬಾಟಲಿ ಶಾಬ್ಲಿ ತಂದುಕೊಟ್ಟಳು. ಲೇಬಲಿನ ಮೇಲೆ ‘ಪ್ರೀಮಿಯೇ ಕ್ರ್ಯು’ ಎಂದೂ ಅದರ ಕೆಳಗೆ ‘ಮೊಂತೇ ದ ತೊನೇರ್’ ಎಂದೂ ಇತ್ತು. ಫ್ರಿಜ್ಜಿನಿಂದ ತೆಗೆದ ಕೂಡಲೇ ಗ್ಲಾಸಿಗೆ ಸುರಿದೆವು. ಮೊದಲ ಗುಟುಕಿನಲ್ಲಿ ಹುಳಿ ಬಿಟ್ಟರೆ ಹೆಚ್ಚೇನೂ ಸಿಗಲಿಲ್ಲ. ಊಟ ಮುಗಿಯುವ ಹೊತ್ತಿಗೆ ಅದೇ ಗ್ಲಾಸಿನಿಂದ ಬೇರೆಯೇ ಘಮ ಏಳತೊಡಗಿತು: ಹಸಿರು ಸೇಬು, ನಿಂಬೆಯ ಸಿಪ್ಪೆ, ಮಳೆ ಬಿದ್ದ ಮೇಲಿನ ಕಲ್ಲುಚಪ್ಪಡಿ. ನುಂಗಿದ ಮೇಲೂ ನಾಲಿಗೆಯ ಅಂಚಿನಲ್ಲಿ ಉಪ್ಪಿನಂಥದ್ದೇನೋ ಬಹಳ ಹೊತ್ತು ಉಳಿಯಿತು.

ಇಲ್ಲಿ ಫ್ರಾನ್ಸಿನ ಬಿಳಿ ವೈನುಗಳನ್ನು ಚೆನ್ನಾಗಿ ಬಲ್ಲವರಿದ್ದಾರೆ. ಆ ಕಲ್ಲಿನ ಘಮ ಎಲ್ಲಿಂದ ಬರುತ್ತದೆ? ಜಗತ್ತು ಈ ವೈನನ್ನು ಮೆಚ್ಚುವುದು ಯಾವುದಕ್ಕಾಗಿ? ಸ್ವಲ್ಪ ವಿವರವಾಗಿಯೇ ಹೇಳಿ.

ದಿಜೋನ್ ನಿವಾಸಿ

ಸಂಜೆಮಲ್ಲಿಗೆ ಅವರೇ, ಮೊದಲು ಉಷ್ಣತೆಯ ಮಾತು. ಮನೆಯ ಫ್ರಿಜ್ಜಿನಲ್ಲಿ ಬಾಟಲಿ 4-5 ಡಿಗ್ರಿಯಲ್ಲಿರುತ್ತದೆ. ಅಷ್ಟು ತಣ್ಣಗಿದ್ದರೆ ಘಮ ಮೇಲೇಳುವುದಿಲ್ಲ, ಹುಳಿ ಮಾತ್ರ ಮುಂದೆ ಬಂದು ನಿಲ್ಲುತ್ತದೆ. ಪ್ರೀಮಿಯೇ ಕ್ರ್ಯು, ಅಂದರೆ ಮೇಲಿನಿಂದ ಎರಡನೇ ದರ್ಜೆಯ ಶಾಬ್ಲಿಗೆ 10ರಿಂದ 12 ಡಿಗ್ರಿ ಹಿತ. ಊಟ ಮುಗಿಯುವ ಹೊತ್ತಿಗೆ ನಿಮ್ಮ ಗ್ಲಾಸ್ ಆ ಹದಕ್ಕೆ ಬಂದಿತ್ತು.

ಇನ್ನು ನಿಮ್ಮ ದೊಡ್ಡ ಪ್ರಶ್ನೆ. ಶಾಬ್ಲಿಯನ್ನು ಮಾಡುವುದು ಶಾರ್ಡೊನೇ ದ್ರಾಕ್ಷಿಯೊಂದರಿಂದಲೇ, ಬೇರೆ ತಳಿಗೆ ಅಲ್ಲಿ ಅನುಮತಿಯಿಲ್ಲ. ಈ ದ್ರಾಕ್ಷಿಗೆ ತನ್ನದೇ ಆದ ಘಮ ಕಡಿಮೆ. ಮಸ್ಕಟ್ ದ್ರಾಕ್ಷಿಯನ್ನು ಕಣ್ಣು ಮುಚ್ಚಿಕೊಂಡು ಮೂಸಿದರೂ ಗುರುತು ಸಿಗುತ್ತದೆ, ಶಾರ್ಡೊನೇ ಹಾಗಲ್ಲ. ಬೆಳೆದ ಇಳಿಜಾರು, ಆ ವರ್ಷದ ಬಿಸಿಲು, ಮಾಡಿದವರ ಕೈ, ಇವೆಲ್ಲವನ್ನೂ ಅದು ತನ್ನೊಳಗೆ ಹೊತ್ತು ತರುತ್ತದೆ. ಒಂದೇ ತಳಿ, ಒಂದೇ ವರ್ಷ, ಒಬ್ಬರೇ ತಯಾರಕರು. ಆದರೂ ರಸ್ತೆಯ ಈಚೆಗಿನ ತೋಟದ ವೈನ್ ಒಂದು ಬಗೆ, ಆಚೆಗಿನದು ಇನ್ನೊಂದು ಬಗೆ. ಫ್ರಾನ್ಸಿನ ಬರ್ಗಂಡಿ ಪ್ರದೇಶದ ಬಿಳಿ ವೈನಿಗೆ ಮನಸೋತವರೆಲ್ಲ ಮನಸೋತಿರುವುದು ಈ ವ್ಯತ್ಯಾಸಕ್ಕೇ ಎಂದು ನಾನು ದೃಢವಾಗಿ ನಂಬಿದ್ದೇನೆ.

ಶಾಬ್ಲಿ ಊರು ಪ್ಯಾರಿಸ್ಸಿನ ಆಗ್ನೇಯಕ್ಕೆ ಸುಮಾರು 180 ಕಿಲೋಮೀಟರ್ ದೂರದಲ್ಲಿದೆ. ಬರ್ಗಂಡಿಗೆ ಸೇರಿದ್ದರೂ ಬರ್ಗಂಡಿಯ ಹೃದಯವಾದ ಬೋನ್ ಪಟ್ಟಣ ಅಲ್ಲಿಂದ ನೂರು ಕಿಲೋಮೀಟರಿಗೂ ಆಚೆ. ಶಾಂಪೇನಿನ ದಕ್ಷಿಣದ ತೋಟಗಳೇ ಹೆಚ್ಚು ಹತ್ತಿರ. ಊರಿನ ನಡುವೆ ಸೆರೆನ್ ಎಂಬ ಸಣ್ಣ ನದಿ ಹರಿಯುತ್ತದೆ. ಅದರ ಬಲದಂಡೆಯಲ್ಲಿ, ನೈಋತ್ಯಕ್ಕೆ ಮುಖ ಮಾಡಿದ ಒಂದೇ ಗುಡ್ಡದ ಇಳಿಜಾರಿನಲ್ಲಿ ಗ್ರಾಂ ಕ್ರ್ಯು, ಅಂದರೆ ಅತ್ಯುನ್ನತ ದರ್ಜೆಯ ಏಳು ತೋಟಗಳು ಸಾಲಾಗಿವೆ: ಬೂಗ್ರೋ, ಪ್ರ್ಯೋಜ್, ವೋದೆಜೀರ್, ಗ್ರೆನೂಯ್, ವಾಲ್ಮ್ಯೂರ್, ಲೆ ಕ್ಲೋ, ಬ್ಲಾಂಶೋ. ಏಳೂ ಸೇರಿದರೆ ನೂರು ಹೆಕ್ಟೇರಿನ ಆಸುಪಾಸು. ಊರ ಚೌಕದಿಂದ ಹೊರಟು ಸೇತುವೆ ದಾಟಿದರೆ ಎದುರಿಗೆ ಇಡೀ ಗುಡ್ಡ ಕಾಣುತ್ತದೆ. ಸಂಜೆ ಐದರ ಬಿಸಿಲಿನಲ್ಲಿ ಲೆ ಕ್ಲೋದ ಮಣ್ಣು ಕಣ್ಣು ಕುಕ್ಕುವಷ್ಟು ಬೆಳ್ಳಗೆ ಹೊಳೆಯುತ್ತದೆ. ನೀವು ಕುಡಿದ ಮೊಂತೇ ದ ತೊನೇರ್ ಇರುವುದು ಈ ಸಾಲಿನ ಪಕ್ಕದಲ್ಲೇ, ನಡುವೆ ಒಂದು ಕಣಿವೆ ಬಿಟ್ಟು. ಪ್ರೀಮಿಯೇ ಕ್ರ್ಯುಗಳಲ್ಲಿ ಗ್ರಾಂ ಕ್ರ್ಯುವಿಗೆ ಅತಿ ಸಮೀಪದ್ದು ಅದೇ ಎಂದು ಅನೇಕರು ಹೇಳುತ್ತಾರೆ. ನಿಮ್ಮ ಗೆಳತಿಯ ಆಯ್ಕೆ ಬಹಳ ಒಳ್ಳೆಯದು.

ಆ ಬಿಳಿ ಮಣ್ಣು ಕಿಮ್ಮರಿಜಿಯನ್ ಕಾಲದ್ದು, ಸುಮಾರು 15 ಕೋಟಿ ವರ್ಷ ಹಳೆಯದು. ಸುಣ್ಣಕಲ್ಲು ಮತ್ತು ಜೇಡಿ ಬೆರೆತದ್ದು. ಒಂದು ಹೆಂಟೆ ಒಡೆದು ನೋಡಿದರೆ ಬೆರಳಿನ ಉಗುರಿನಷ್ಟೇ ಗಾತ್ರದ, ಅಲ್ಪವಿರಾಮದಂತೆ ಬಾಗಿದ ಸಿಂಪಿಗಳು ಕಾಣುತ್ತವೆ. ಒಂದು ಕಾಲದಲ್ಲಿ ಅಲ್ಲಿ ಕಡಲಿತ್ತು. ಆ ಕಡಲು ಇಂದಿಗೂ ವೈನಿನಲ್ಲಿ ಉಳಿದಿದೆ ಎನಿಸುತ್ತದೆ.

ಕಲ್ಲುಮಣ್ಣು

ಭೂವಿಜ್ಞಾನ ಪಾಠ ಮಾಡುವವನಾಗಿ ಕೊನೆಯ ಮಾತಿಗೆ ತಕರಾರು ಎತ್ತಲೇಬೇಕು. ಸಿಂಪಿಯ ರುಚಿ ಬೇರಿನ ಮೂಲಕ ಹಣ್ಣಿಗೆ ಏರುವುದಿಲ್ಲ. ಬೇರು ಹೀರುವುದು ನೀರನ್ನು ಮತ್ತು ನೀರಿನಲ್ಲಿ ಕರಗಿದ ಪೊಟ್ಯಾಸಿಯಂ, ಕ್ಯಾಲ್ಸಿಯಂಗಳಂಥ ಅಯಾನುಗಳನ್ನು. ವೈನಿನಲ್ಲಿ ಅವುಗಳ ಪ್ರಮಾಣ ಬಹಳ ಕಡಿಮೆ, ಪಳೆಯುಳಿಕೆಯ ರುಚಿಯನ್ನು ಅವು ತರಲಾರವು. ಸುಣ್ಣಕಲ್ಲಿಗಂತೂ ತನ್ನದೇ ಆದ ವಾಸನೆಯೇ ಇಲ್ಲ. ಮಳೆ ಬಿದ್ದಾಗ ಮೂಗಿಗೆ ಬಡಿಯುವುದು ಕಲ್ಲಿನ ಮೇಲೆ ಕೂತ ಸಾವಯವ ಪದಾರ್ಥಗಳ ವಾಸನೆ.

ಹಾಗೆಂದು ಮಣ್ಣಿಗೆ ಪಾತ್ರವಿಲ್ಲ ಎನ್ನುತ್ತಿಲ್ಲ, ಪಾತ್ರ ದೊಡ್ಡದೇ. ಜೇಡಿ ನೀರು ಹಿಡಿದಿಡುತ್ತದೆ, ಬಿರುಕುಬಿಟ್ಟ ಸುಣ್ಣಕಲ್ಲು ಹೆಚ್ಚಾದದ್ದನ್ನು ಬಸಿದುಬಿಡುತ್ತದೆ. ಬಳ್ಳಿ ಸೊರಗುವುದೂ ಇಲ್ಲ, ಸೊಕ್ಕುವುದೂ ಇಲ್ಲ. ಇಳಿಜಾರು ಬಿಸಿಲನ್ನು ನೇರವಾಗಿ ಪಡೆಯುತ್ತದೆ. ಹಣ್ಣು ನಿಧಾನವಾಗಿ ಮಾಗುತ್ತದೆ, ಆಮ್ಲ ಉಳಿಯುತ್ತದೆ. ‘ಕಲ್ಲಿನ ಗುಣ’ ಎಂದು ನಾವು ಕರೆಯುವುದರ ಹಿಂದೆ ಹೆಚ್ಚಿನ ಆಮ್ಲ, ಹಣ್ಣಿನ ಘಮದ ಮಿತಿ ಮತ್ತು ಹುದುಗುವಾಗ ಹುಟ್ಟುವ ಕೆಲವು ಗಂಧಕದ ಸಂಯುಕ್ತಗಳು ಇವೆ ಎಂಬುದು ಈಗ ಹೆಚ್ಚು ಒಪ್ಪಿತವಾಗುತ್ತಿರುವ ವಿವರಣೆ. ಆಗತಾನೇ ಗೀರಿದ ಬೆಂಕಿಕಡ್ಡಿಯ ವಾಸನೆ ಕೆಲವು ಬರ್ಗಂಡಿ ಬಿಳಿ ವೈನುಗಳಲ್ಲಿ ಇರುತ್ತದಲ್ಲ, ಅದೂ ಇದೇ ಗಂಧಕದ ಬಳಗದ್ದು.

ದಿಜೋನ್ ನಿವಾಸಿ

ಕಲ್ಲುಮಣ್ಣು ಅವರೇ, ರಸಾಯನದ ವಿಷಯದಲ್ಲಿ ನಿಮ್ಮ ಮಾತೇ ಮಾತು. ನನ್ನ ಆಸಕ್ತಿ ಅದರ ಮುಂದಿನದು. ಗುಡ್ಡದ ತುದಿಯಲ್ಲಿ ಕಿಮ್ಮರಿಜಿಯನ್ ಪದರದ ಮೇಲೆ ಪೋರ್ಟ್‌ಲ್ಯಾಂಡಿಯನ್ ಸುಣ್ಣಕಲ್ಲು ಕೂತಿದೆ. ಅತಿ ಕೆಳಗಿನ ದರ್ಜೆಯ ‘ಪೆತೀ ಶಾಬ್ಲಿ’ ಹೆಚ್ಚಾಗಿ ಬರುವುದು ಆ ಎತ್ತರದ ಗಟ್ಟಿ ನೆಲದಿಂದ. ತೋಟದಿಂದ ತೋಟಕ್ಕೆ ಹತ್ತು ನಿಮಿಷದ ನಡಿಗೆ. ಕುಡಿದರೆ ಒಂದು ಹಗುರ, ಚುರುಕು, ಬೇಗ ಮುಗಿಯುವಂಥದ್ದು; ಇನ್ನೊಂದು ಹತ್ತು ಹದಿನೈದು ವರ್ಷ ಬೆಳೆಯುವಂಥದ್ದು. ಶಾಬ್ಲಿಯ ಸಮೀಪದ ಪೊಂತಿನ್ಯಿಯಲ್ಲಿ ಸಿಸ್ಟರ್ಸಿಯನ್ ಪಂಥದ ಕ್ರೈಸ್ತ ಮಠ 1114ರಲ್ಲಿ ಹುಟ್ಟಿತು. ಅಲ್ಲಿನ ಸನ್ಯಾಸಿಗಳಿಗೆ ಅಯಾನು ಗೊತ್ತಿರಲಿಲ್ಲ, ಯಾವ ಇಳಿಜಾರಿನ ಹಣ್ಣು ಚೆನ್ನ ಎಂಬುದು ಗೊತ್ತಿತ್ತು.

ತೋಟಗಾರ (ದೊಡ್ಡಬಳ್ಳಾಪುರ ಕಡೆ)

ನಮ್ಮ ಕಡೆ ವೈನ್ ದ್ರಾಕ್ಷಿ ಬೆಳೆಯುವವರಿಗೆ ಇದು ಬೇರೆಯೇ ಲೋಕ. ಇಲ್ಲಿ ಬಳ್ಳಿಗೆ ಚಳಿಗಾಲದ ನಿದ್ದೆಯೇ ಇಲ್ಲ. ವರ್ಷಕ್ಕೆ ಎರಡು ಬಾರಿ ಸವರುತ್ತೇವೆ, ಬೇಸಿಗೆಯಲ್ಲೊಮ್ಮೆ ಕಡ್ಡಿಗಾಗಿ, ಮಳೆಗಾಲ ಮುಗಿಯುವಾಗ ಇನ್ನೊಮ್ಮೆ ಹಣ್ಣಿಗಾಗಿ. ಕೊಯ್ಲು ಜನವರಿಯಿಂದ ಮಾರ್ಚ್ ಒಳಗೆ. ಸಕ್ಕರೆ ಏರಿಸುವುದು ನಮಗೆ ಸುಲಭ, ಆಮ್ಲ ಉಳಿಸುವುದೇ ಕಷ್ಟ. ಬಿಸಿಲು ಹೆಚ್ಚಾದರೆ ಆಮ್ಲ ಕರಗಿಹೋಗುತ್ತದೆ, ವೈನ್ ಸಪ್ಪೆಯಾಗುತ್ತದೆ. ಹಾಗಾಗಿ ಹುಳಿಯ ಬಗ್ಗೆ ದೂರು ಕೇಳಿದರೆ ನನಗೆ ಆಶ್ಚರ್ಯವೇ ಆಗುತ್ತದೆ. ಆ ಹುಳಿಗಾಗಿ ನಾವು ಬೆಳಗಿನ ಜಾವ ಕತ್ತಲಲ್ಲಿ ಕೊಯ್ಲು ಮಾಡುತ್ತೇವೆ.

ದಿಜೋನ್ ನಿವಾಸಿ ಅವರೇ, ಅಲ್ಲಿ ಏಪ್ರಿಲ್ ತಿಂಗಳಲ್ಲಿ ತೋಟದ ತುಂಬ ಬೆಂಕಿ ಉರಿಸುವ ಚಿತ್ರಗಳನ್ನು ನೋಡಿದ್ದೇನೆ. ಅದು ಹೇಗೆ ಕೆಲಸ ಮಾಡುತ್ತದೆ?

ದಿಜೋನ್ ನಿವಾಸಿ

ಮಾರ್ಚ್ ಕೊನೆಗೆ ಬಿಸಿಲು ಬಂದು ಮೊಗ್ಗು ಒಡೆಯುತ್ತದೆ. ಏಪ್ರಿಲಿನಲ್ಲಿ ಆಕಾಶ ತಿಳಿಯಾದ ರಾತ್ರಿಗಳಲ್ಲಿ ಉಷ್ಣತೆ ಶೂನ್ಯದ ಕೆಳಗೆ ಇಳಿದರೆ ಚಿಗುರು ಒಂದೇ ರಾತ್ರಿಯಲ್ಲಿ ಕಪ್ಪಾಗುತ್ತದೆ. ಆ ವರ್ಷದ ಫಸಲು ಅಲ್ಲಿಗೆ ಮುಗಿಯಿತು. 2016, 2017, ಮತ್ತೆ 2021ರ ಏಪ್ರಿಲಿನ ಮೊದಲ ವಾರ, ಈ ಮೂರೂ ಬೆಳೆಗಾರರು ಮರೆಯದ ಹೊಡೆತಗಳು.

ಕಾಪಾಡಲು ಎರಡು ಮುಖ್ಯ ದಾರಿಗಳಿವೆ. ಒಂದು, ನೀವು ಚಿತ್ರದಲ್ಲಿ ಕಂಡದ್ದು: ಬಕೆಟ್ ಗಾತ್ರದ ಡಬ್ಬಿಗಳಲ್ಲಿ ಮೇಣ ತುಂಬಿ ಸಾಲುಗಳ ನಡುವೆ ನೂರಾರು ಇಟ್ಟು ಹಚ್ಚುತ್ತಾರೆ. ನಡುರಾತ್ರಿ ಎದ್ದು ಮನೆಮಂದಿಯೆಲ್ಲ ಹಚ್ಚಬೇಕು, ಖರ್ಚೂ ವಿಪರೀತ. ಇನ್ನೊಂದು, ಕೇಳಿದರೆ ನಂಬಲು ಕಷ್ಟ: ಬಳ್ಳಿಯ ಮೇಲೆ ನೀರು ಚಿಮುಕಿಸುತ್ತಾರೆ. ನೀರು ಮಂಜುಗಡ್ಡೆಯಾಗುವಾಗ ಶಾಖ ಬಿಡುತ್ತದೆ. ಆ ಶಾಖದಿಂದ ಮಂಜಿನ ಕವಚದೊಳಗಿನ ಮೊಗ್ಗು ಶೂನ್ಯದ ಆಸುಪಾಸಿನಲ್ಲೇ ಉಳಿಯುತ್ತದೆ, ಸಾಯುವುದಿಲ್ಲ. ಆದರೆ ನೀರು ನಡುವೆ ನಿಲ್ಲಬಾರದು. ಬೆಳಗ್ಗೆ ಬಿಸಿಲೇರಿ ಮಂಜು ಕರಗುವವರೆಗೂ ಚಿಮುಕುತ್ತಲೇ ಇರಬೇಕು. ಪಂಪು ಕೆಟ್ಟರೆ ಏನೂ ಮಾಡದಿದ್ದ ತೋಟಕ್ಕಿಂತ ಹೆಚ್ಚಿನ ಹಾನಿ. ಬೆಳಗಿನ ಬೆಳಕಿನಲ್ಲಿ ಗುಡ್ಡವಿಡೀ ಗಾಜಿನಲ್ಲಿ ಅದ್ದಿ ತೆಗೆದಂತೆ ಇರುತ್ತದೆ, ಒಂದೊಂದು ಗಾಜಿನ ಗುಬುಟಿನೊಳಗೂ ಒಂದೊಂದು ಹಸಿರು ಚಿಗುರು.

ಇಷ್ಟೆಲ್ಲ ಬಂದದ್ದು ಇತ್ತೀಚಿನ ದಶಕಗಳಲ್ಲಿ. 19ನೇ ಶತಮಾನದ ಕೊನೆಯಲ್ಲಿ ಫಿಲೋಕ್ಸೆರಾ ಕೀಟ ಬೇರುಗಳನ್ನು ತಿಂದುಹಾಕಿತು. ಅದೇ ಕಾಲಕ್ಕೆ ರೈಲಿನಲ್ಲಿ ದಕ್ಷಿಣದ ಅಗ್ಗದ ವೈನ್ ಪ್ಯಾರಿಸ್ಸಿಗೆ ಬರತೊಡಗಿತ್ತು. ಆಮೇಲೆ ಯುದ್ಧಗಳು. 1950ರ ದಶಕದ ಹೊತ್ತಿಗೆ ಶಾಬ್ಲಿಯಲ್ಲಿ ಉಳಿದದ್ದು ಸುಮಾರು 500 ಹೆಕ್ಟೇರ್ ತೋಟ. ಈಗ ಐದು ಸಾವಿರ ಹೆಕ್ಟೇರಿಗೂ ಹೆಚ್ಚು. ಚಳಿಯನ್ನು ತಡೆಯಲು ಕಲಿತದ್ದೇ ಇದಕ್ಕೆ ದೊಡ್ಡ ಕಾರಣ.

ಹಳೆಬಿರಡೆ

ಶಾಬ್ಲಿಯ ಮೇಲೆ ನನಗೆ ಗೌರವವಿದೆ. ಆದರೆ ಫ್ರಾನ್ಸಿನ ಬಿಳಿ ವೈನಿನ ಶಿಖರ ಎಂದರೆ ಬೋನ್ ಪಟ್ಟಣದ ದಕ್ಷಿಣದ ಆ ಮೂರು ಹಳ್ಳಿಗಳೇ: ಮೆರ್ಸೋ, ಪ್ಯುಲಿನ್ಯಿ, ಶಾಸಾನ್ಯ್. ದ್ರಾಕ್ಷಿ ಅದೇ ಶಾರ್ಡೊನೇ. ಆದರೆ ಮೈಕಟ್ಟು ಬೇರೆ. ಹದವಾಗಿ ಹುರಿದ ಹೇಜಲ್‌ನಟ್, ಬೆಣ್ಣೆ, ಮಾಗಿದ ಪೇರ್ ಹಣ್ಣು, ಒಳಗೊಳಗೇ ಬಿಗಿಯಾಗಿ ಹಿಡಿದಿಟ್ಟ ಹುಳಿ. ಮೆರ್ಸೋದಲ್ಲಿ ಗ್ರಾಂ ಕ್ರ್ಯು ಒಂದೂ ಇಲ್ಲ. ಆದರೂ ಅಲ್ಲಿನ ‘ಪೆರಿಯೇರ್’ ತೋಟದ ಒಳ್ಳೆಯ ವೈನ್ ಕುಡಿದವರು ವರ್ಗೀಕರಣದ ಮಾತನ್ನೇ ಬಿಡುತ್ತಾರೆ. ಮೊಂರಾಶೇ ಎಂಬ ಹೊಲವಂತೂ ಇರುವುದೇ ಸುಮಾರು 8 ಹೆಕ್ಟೇರ್, ಅದೂ ಪ್ಯುಲಿನ್ಯಿ ಮತ್ತು ಶಾಸಾನ್ಯ್ ಹಳ್ಳಿಗಳ ನಡುವೆ ಹಂಚಿಹೋಗಿದೆ. ಎರಡೂ ಹಳ್ಳಿಗಳು ಆ ಹೊಲದ ಹೆಸರನ್ನು ತಮ್ಮ ಹೆಸರಿಗೆ ಸೇರಿಸಿಕೊಂಡವು. ಜಗತ್ತಿನಲ್ಲಿ ಇಷ್ಟು ಚಿಕ್ಕ ಜಾಗಕ್ಕೆ ಇಷ್ಟು ದೊಡ್ಡ ಹೆಸರು ಬಂದ ಉದಾಹರಣೆ ಕಡಿಮೆ.

ಕೊಳ್ಳುವವರಿಗೆ ಒಂದು ಎಚ್ಚರಿಕೆ. 1990ರ ದಶಕದ ಮಧ್ಯಭಾಗದಿಂದೀಚಿನ ಬರ್ಗಂಡಿ ಬಿಳಿ ವೈನುಗಳಲ್ಲಿ ಅಕಾಲ ಮುಪ್ಪು ಕಾಣಿಸಿಕೊಂಡಿತು. ಇಪ್ಪತ್ತು ವರ್ಷ ಬಾಳಬೇಕಾದ ವೈನ್ ಏಳೆಂಟು ವರ್ಷಕ್ಕೇ ಕಂದುಬಣ್ಣಕ್ಕೆ ತಿರುಗಿ, ಕೊಳೆತ ಸೇಬಿನಂತೆ ನಾರುತ್ತಿತ್ತು. ಒಂದೇ ಪೆಟ್ಟಿಗೆಯ ಒಂದು ಬಾಟಲಿ ಸರಿ, ಪಕ್ಕದ್ದು ಕೆಟ್ಟದ್ದು. ಬಿರಡೆಯ ಗುಣಮಟ್ಟ, ವೈನ್ ಕೆಡದಂತೆ ಸೇರಿಸುವ ಗಂಧಕವನ್ನು ಕಡಿಮೆ ಮಾಡಿದ್ದು, ಪೀಪಾಯಿಯ ತಳದ ಮಡ್ಡಿಯನ್ನು ಅತಿಯಾಗಿ ಕಲಕುವುದು, ಹಣ್ಣನ್ನು ತೀರ ಮೃದುವಾಗಿ ಹಿಂಡುವ ಹೊಸ ಯಂತ್ರಗಳು, ಹೀಗೆ ಹಲವು ಕಾರಣಗಳನ್ನು ಹೇಳುತ್ತಾರೆ. ಈಗ ಅನೇಕ ತಯಾರಕರು ಕಾರ್ಕಿನ ಪುಡಿಯನ್ನು ಶುದ್ಧಿಮಾಡಿ ಒತ್ತಿದ ಬಿರಡೆಗಳಿಗೆ ಹೊರಳಿದ್ದಾರೆ. ಪರಿಸ್ಥಿತಿ ಸುಧಾರಿಸಿದೆ.

ಸಂಜೆಮಲ್ಲಿಗೆ

ಎಲ್ಲರಿಗೂ ವಂದನೆಗಳು. ಹಳೆಬಿರಡೆ ಅವರು ಹೇಳಿದ ಬೆಣ್ಣೆ ಎಲ್ಲಿಂದ ಬಂತು? ಓಕ್ ಮರದ ಪೀಪಾಯಿಯಿಂದಲೇ?

ದಿಜೋನ್ ನಿವಾಸಿ

ಬೆಣ್ಣೆಗೂ ಮರಕ್ಕೂ ನೇರ ಸಂಬಂಧವಿಲ್ಲ. ಹಣ್ಣಿನಲ್ಲಿ ಮ್ಯಾಲಿಕ್ ಆಮ್ಲವಿರುತ್ತದೆ, ಹಸಿರು ಸೇಬಿನ ಚೂಪಾದ ಹುಳಿ ಅದರದ್ದೇ. ಮೊದಲ ಹುದುಗು ಮುಗಿದ ಮೇಲೆ ಬ್ಯಾಕ್ಟೀರಿಯಾ ಅದನ್ನು ಲ್ಯಾಕ್ಟಿಕ್ ಆಮ್ಲವಾಗಿ, ಅಂದರೆ ಮೊಸರಿನಲ್ಲಿರುವ ಮೆತ್ತನೆಯ ಹುಳಿಯಾಗಿ ಬದಲಾಯಿಸುತ್ತದೆ. ಆಗ ಡೈಅಸಿಟೈಲ್ ಎಂಬ ಪದಾರ್ಥ ಹುಟ್ಟುತ್ತದೆ, ಬೆಣ್ಣೆಯ ಘಮ ಅದರದು. ಶಾಬ್ಲಿಯಲ್ಲೂ ಸಾಮಾನ್ಯವಾಗಿ ಈ ಎರಡನೇ ಹುದುಗು ನಡೆಯುತ್ತದೆ. ಹಾಗಿದ್ದೂ ಅಷ್ಟು ಹುಳಿ ಉಳಿಯುತ್ತದೆ ಎಂದರೆ ಹಣ್ಣಿನಲ್ಲಿ ಎಷ್ಟಿತ್ತೆಂದು ಊಹಿಸಿ. ಓಕ್ ಕೊಡುವುದು ವೆನಿಲ್ಲಾ, ಸುಟ್ಟ ಬ್ರೆಡ್ಡು, ಮಸಾಲೆಯ ಛಾಯೆ. ಜೊತೆಗೆ ಮರದ ಮೂಲಕ ಗಾಳಿ ಹನಿಹನಿಯಾಗಿ ಒಳಗೆ ಇಳಿದು ವೈನಿನ ಮೂಲೆಗಳನ್ನು ಉಜ್ಜುತ್ತದೆ.

ಶಾಬ್ಲಿಯಲ್ಲಿ ಓಕ್ ಬೇಕೇ ಬೇಡವೇ ಎಂಬುದು ಹಳೆಯ ಜಗಳ. ಲೂಯಿ ಮಿಶೆಲ್ ಮನೆತನ ಮರವನ್ನು ಪೂರ್ತಿ ಬಿಟ್ಟು ಸ್ಟೀಲ್ ತೊಟ್ಟಿಗೆ ಹೋಯಿತು. ರಾವನೋ ಮತ್ತು ದೋವಿಸಾ ಮನೆತನಗಳು ಹಳೆಯ ಪೀಪಾಯಿಗಳನ್ನು ಬಿಟ್ಟಿಲ್ಲ. ಅಲ್ಲಿನ ಸಾಂಪ್ರದಾಯಿಕ ಪೀಪಾಯಿ 132 ಲೀಟರಿನದು, ಬೋನ್ ಕಡೆಯ 228 ಲೀಟರಿನದಕ್ಕಿಂತ ಚಿಕ್ಕದು. ಮರ ಹಳೆಯದಾದಷ್ಟೂ ತನ್ನ ರುಚಿ ಬಿಟ್ಟುಕೊಡುವುದಿಲ್ಲ, ಉಸಿರಾಟ ಮಾತ್ರ ಉಳಿಯುತ್ತದೆ. ನನ್ನ ಒಲವು ಹಳೆಯ ಮರದ ಕಡೆಗೆ. ಹೊಸ ಓಕಿನ ಶಾಬ್ಲಿ ನನಗೆ ಸಲ್ಲದು. ಅಷ್ಟು ಕಷ್ಟಪಟ್ಟು ಗುಡ್ಡದಿಂದ ತಂದದ್ದರ ಮೇಲೆ ವೆನಿಲ್ಲಾ ಬಳಿದಂತಾಗುತ್ತದೆ.

ಹಳೆಬಿರಡೆ

ಹೊಸ ಓಕ್ ಹದವಾಗಿದ್ದರೆ ಹತ್ತು ವರ್ಷದಲ್ಲಿ ವೈನ್ ಅದನ್ನು ಅರಗಿಸಿಕೊಳ್ಳುತ್ತದೆ. ಮೆರ್ಸೋದಲ್ಲಿ ಇದನ್ನು ಕಂಡಿದ್ದೇನೆ. ಶಾಬ್ಲಿಯಲ್ಲಿ ಅರಗುವುದಿಲ್ಲ ಎಂಬುದನ್ನು ಒಪ್ಪುತ್ತೇನೆ, ಅಷ್ಟು ಮಾಂಸಖಂಡ ಅದಕ್ಕಿಲ್ಲ.

ಕರಾವಳಿ ಊಟ

ಊಟದ ಮಾತು ಯಾರೂ ಎತ್ತಲಿಲ್ಲವಲ್ಲ! ಶಾಬ್ಲಿಗೆ ಹಸಿ ಸಿಂಪಿ ಹಳೆಯ ಜೋಡಿ. ಆ ಊರಿನವರು ಚೀಸ್ ಬೆರೆಸಿ ಬೇಯಿಸಿದ ‘ಗೂಜೇರ್’ ಎಂಬ ಉಬ್ಬಿದ ತಿಂಡಿಯನ್ನೂ, ಬಿಳಿ ವೈನಿನಲ್ಲೇ ಬೇಯಿಸಿದ ಹಂದಿಮಾಂಸವನ್ನೂ ಇದರ ಜೊತೆ ತಿನ್ನುತ್ತಾರೆ. ನಾನು ಮಂಗಳೂರಿನವಳು. ಕಾಣೆ ಮೀನಿಗೆ ಉಪ್ಪು, ಅರಿಸಿನ, ಸ್ವಲ್ಪ ಮೆಣಸಿನ ಪುಡಿ ಸವರಿ ರವೆಯಲ್ಲಿ ಹೊರಳಿಸಿ ಹುರಿದರೆ ಸಾದಾ ಶಾಬ್ಲಿಗೆ ಬಹಳ ಚೆನ್ನಾಗಿ ಹೊಂದುತ್ತದೆ. ವೈನಿನ ಹುಳಿ ಎಣ್ಣೆಯನ್ನು ಕತ್ತರಿಸುತ್ತದೆ, ನಿಂಬೆ ಹಿಂಡುವುದೇ ಬೇಡ. ಆದರೆ ಕೆಂಪು ಮೆಣಸಿನಕಾಯಿ ತುಂಬಿದ ಗಸಿಯ ಜೊತೆ ಬೇಡವೇ ಬೇಡ. ಖಾರ ನಾಲಿಗೆಯನ್ನು ಸುಟ್ಟ ಮೇಲೆ ಇಂಥ ವೈನಿನ ಸೂಕ್ಷ್ಮ ಒಂದೂ ತಿಳಿಯುವುದಿಲ್ಲ, ಮದ್ಯದ ಉರಿ ಮಾತ್ರ ತಿಳಿಯುತ್ತದೆ. ಖಾರದೂಟಕ್ಕೆ ಸ್ವಲ್ಪ ಸಿಹಿ ಉಳಿಸಿದ ವುವ್ರೇ ಸರಿ. ಅದು ಲ್ವಾರ್ ನದಿ ತೀರದ ಶೆನಾಂ ದ್ರಾಕ್ಷಿಯದು, ಹುಳಿಯೂ ಇದೆ, ಜೇನಿನಂಥ ಸಿಹಿಯೂ ಇದೆ.

ಹೊಸ ಓದುಗ

ಮೊಂರಾಶೇಯ ಬೆಲೆ ನೋಡಿ ಬೆಚ್ಚಿಬಿದ್ದೆ. ಆಮದು ಸುಂಕವೂ ಸೇರಿದರೆ ನಮ್ಮಂಥವರಿಗೆ ಯಾವುದು ಎಟುಕುತ್ತದೆ?

ಕಲ್ಲುಮಣ್ಣು

ಒಂದು ಪ್ರಯೋಗ ಹೇಳುತ್ತೇನೆ, ಇಬ್ಬರು ಮೂವರು ಸೇರಿ ಹಣ ಹಾಕಿಕೊಳ್ಳಿ. ಕಿಮ್ಮರಿಜಿಯನ್ ಪದರ ಶಾಬ್ಲಿಯಲ್ಲಿ ಮುಗಿಯುವುದಿಲ್ಲ. ನೈಋತ್ಯಕ್ಕೆ ಹೋದರೆ ಸಾನ್ಸೇರ್ ಊರಿನ ಪಶ್ಚಿಮದ ಬೆಟ್ಟಗಳಲ್ಲಿ ಅದೇ ಬಿಳಿ ಮಣ್ಣು ಮತ್ತೆ ಮೇಲೇಳುತ್ತದೆ. ಅಲ್ಲಿ ಬೆಳೆಯುವುದು ಸೋವಿನ್ಯೋಂ ಬ್ಲಾಂಕ್, ಜೋರು ಘಮದ ದ್ರಾಕ್ಷಿ. ಒಂದು ಬಾಟಲಿ ಶಾಬ್ಲಿ, ಒಂದು ಬಾಟಲಿ ಸಾನ್ಸೇರ್ ತಂದು ಅಕ್ಕಪಕ್ಕ ಸುರಿಯಿರಿ. ಮಣ್ಣು ಒಂದೇ, ತಳಿ ಬೇರೆ. ಮೊದಲು ಮೂಗಿಗೆ ಎರಡೂ ಬೇರೆ ಬೇರೆ ಅನ್ನಿಸುತ್ತವೆ: ಸಾನ್ಸೇರಿನಲ್ಲಿ ಹುಲ್ಲು, ಚಕ್ಕೋತದ ಸಿಪ್ಪೆ. ಆಮೇಲೆ ನುಂಗಿದ ನಂತರ ಉಳಿಯುವ ರುಚಿಯನ್ನು ಮಾತ್ರ ಗಮನಿಸಿ. ಮಣ್ಣಿನ ಬಗ್ಗೆ ನಾನು ಮೇಲೆ ಅಷ್ಟು ಕಟ್ಟುನಿಟ್ಟಾಗಿ ಬರೆದಿದ್ದೇನೆ. ಆದರೂ ಈ ಎರಡು ಗ್ಲಾಸುಗಳ ಮುಂದೆ ಕೂತಾಗ ಅವುಗಳ ಕೊನೆಯ ರುಚಿಯಲ್ಲಿ ನನಗೆ ಹೋಲಿಕೆ ಕಾಣುತ್ತದೆ. ಹೀಗೇಕೆ ಎಂಬ ಕುತೂಹಲವೇ ನನ್ನನ್ನು ಈ ವೈನುಗಳ ಬಳಿ ಮತ್ತೆ ಮತ್ತೆ ಕರೆತರುತ್ತದೆ.

ದಿಜೋನ್ ನಿವಾಸಿ

ಕಡಿಮೆ ಬೆಲೆಗೆ: ಬರ್ಗಂಡಿಯ ದಕ್ಷಿಣ ತುದಿಯ ಮಾಕೋನ್ ಪ್ರದೇಶ ನೋಡಿ. ಅಲ್ಲಿನ ಸಾಂ-ವೆರಾಂ ಶಾರ್ಡೊನೇಯ ಒಳ್ಳೆಯ ಪರಿಚಯ. ಪಕ್ಕದ ಪುಯ್ಯಿ-ಫುಯ್ಸೇಯ ಕೆಲವು ತೋಟಗಳಿಗೆ 2020ರಲ್ಲಿ ಪ್ರೀಮಿಯೇ ಕ್ರ್ಯು ದರ್ಜೆ ಸಿಕ್ಕಿತು, ಬೆಲೆ ಅಲ್ಲೂ ಏರುತ್ತಿದೆ. ಅಟ್ಲಾಂಟಿಕ್ ಕಡಲಿನ ಹತ್ತಿರದ ಮುಸ್ಕಾದೇಯಂತೂ ಫ್ರಾನ್ಸಿನಲ್ಲಿ ತನ್ನ ಯೋಗ್ಯತೆಗಿಂತ ಬಹಳ ಅಗ್ಗಕ್ಕೆ ಸಿಗುವ ವೈನ್. ಲೇಬಲಿನ ಮೇಲೆ ‘ಸ್ಯುರ್ ಲೀ’ ಎಂದಿದ್ದರೆ ಚಳಿಗಾಲವಿಡೀ ಹುದುಗಿನ ಮಡ್ಡಿಯ ಮೇಲೇ ಇಟ್ಟದ್ದು ಎಂದರ್ಥ. ಬೊಂಬಾಟ್ ಘಮವನ್ನು ನಿರೀಕ್ಷಿಸಬೇಡಿ, ಉಪ್ಪುಗಾಳಿಯ ಚುರುಕನ್ನು ನಿರೀಕ್ಷಿಸಿ.

ಹೊಸ ಓದುಗ

ತುಂಬ ಉಪಕಾರವಾಯಿತು. ಇನ್ನೊಂದು ಪ್ರಶ್ನೆ. ಚಿಕ್ಕಪ್ಪ ವಿದೇಶದಿಂದ ಬರುವಾಗ ತಂದ 2017ರ ಲೆ ಕ್ಲೋ ಒಂದು ಬಾಟಲಿ ಮನೆಯಲ್ಲಿದೆ. ಅಡುಗೆಮನೆಯ ಮೇಲಿನ ಕಪಾಟಿನಲ್ಲಿ ನಿಲ್ಲಿಸಿಟ್ಟಿದ್ದೇವೆ. ಇನ್ನೂ ಹತ್ತು ವರ್ಷ ಇಡಬಹುದೇ?

ದಿಜೋನ್ ನಿವಾಸಿ

ದಯವಿಟ್ಟು ಇವತ್ತೇ ಅಲ್ಲಿಂದ ಇಳಿಸಿ! ಒಲೆಯ ಶಾಖ ಮೇಲಕ್ಕೇರುವ ಜಾಗ ವೈನಿಗೆ ಅತ್ಯಂತ ಕೆಟ್ಟದ್ದು. ನಿಲ್ಲಿಸಿಟ್ಟರೆ ಬಿರಡೆ ಒಣಗಿ ಗಾಳಿ ನುಸುಳುತ್ತದೆ. 12 ಡಿಗ್ರಿಯ ನೆಲಮಾಳಿಗೆ ಇದ್ದಿದ್ದರೆ ಲೆ ಕ್ಲೋ ಇನ್ನೂ ಹಲವು ವರ್ಷ ಬೆಳೆಯುತ್ತಿತ್ತು, ಹಸಿರು ಛಾಯೆ ಹೊನ್ನಿಗೆ ತಿರುಗಿ ಜೇನುಮೇಣ, ಒಣಹುಲ್ಲು, ಅಣಬೆಯ ಘಮ ಕೂಡುತ್ತಿತ್ತು. ನಿಮ್ಮಲ್ಲಿ ಆ ವ್ಯವಸ್ಥೆಯಿಲ್ಲ. ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿ ಅಡ್ಡ ಮಲಗಿಸಿ, ಒಂದು ತಿಂಗಳೊಳಗೆ ತೆರೆಯಿರಿ. ಊಟಕ್ಕೆ ಒಂದು ಗಂಟೆ ಮೊದಲು ಹೊರಗೆ ತೆಗೆದು ಬಿರಡೆ ಬಿಚ್ಚಿ, ದೊಡ್ಡ ಗ್ಲಾಸಿಗೆ ಸ್ವಲ್ಪ ಸ್ವಲ್ಪವೇ ಸುರಿಯಿರಿ, ಅರ್ಧ ಬಾಟಲಿಯನ್ನು ಮರುದಿನಕ್ಕೆ ಉಳಿಸಿ. ಬಣ್ಣ ತಿಳಿ ಹೊನ್ನಾಗಿದ್ದರೆ ಚಿಂತೆಯಿಲ್ಲ. ಕಂದಾಗಿದ್ದರೆ ಶಾಖ ತನ್ನ ಕೆಲಸ ಮಾಡಿದೆ ಎಂದು ತಿಳಿಯಿರಿ. ಹೇಗಿತ್ತೆಂದು ಇಲ್ಲಿ ಬರೆಯಿರಿ, ನಾವೆಲ್ಲ ಕಾಯುತ್ತಿರುತ್ತೇವೆ.